ಕಟ್ಟುಪಾಡು ಬಿಡದೆ ಲೆಕ್ಕ ಬಿಡಿಸುವುದು: ಡಿಎಇ ಬಳಸಲು ಒಂದು ಸಮಗ್ರ ಮಾರ್ಗದರ್ಶಿ

1 ಮೀಟರ್ ಉದ್ದದ ಸರಳಿನ ತುದಿಗೆ ಗುಂಡೊಂದನ್ನು ಕಟ್ಟಿ ತೂಗಲು ಬಿಟ್ಟಿದ್ದೀರಿ ಅಂದುಕೊಳ್ಳಿ. ಅದರ ಚಲನೆಯನ್ನು ಕಂಪ್ಯೂಟರಿನಲ್ಲಿ 100 ಸೆಕೆಂಡ್ ಓಡಿಸುತ್ತೀರಿ. ಕೊನೆಯಲ್ಲಿ ಗುಂಡು ಎಲ್ಲಿದೆ ಅಂತ ನೋಡಿ ಸರಳಿನ ಉದ್ದ ಲೆಕ್ಕ ಹಾಕಿದರೆ 1.095 ಮೀಟರ್ ಬರುತ್ತದೆ! ಕೋಡ್‌ ಸರಿಯಾಗಿದೆ, ಸೂತ್ರವೂ ಸರಿಯಾಗಿದೆ. ಆದರೂ ಸರಳು 9 ಸೆಂಟಿಮೀಟರಿಗಿಂತ ಜಾಸ್ತಿ ಹಿಗ್ಗಿದೆ.

ನಾನು ಮೊದಲ ಸಲ ಇದನ್ನು ಕಂಡಾಗ ಟೈಮ್ ಸ್ಟೆಪ್ ಚಿಕ್ಕದು ಮಾಡುತ್ತಾ ಹೋದೆ. ಏನೂ ಉಪಯೋಗವಾಗಲಿಲ್ಲ. ಯಾಕೆ ಅಂತ ಅರ್ಥವಾದದ್ದು ಡಿಎಇ, ಅಂದರೆ ಅವಕಲ-ಬೀಜಗಣಿತ ಸಮೀಕರಣಗಳನ್ನು ಕಲಿತ ಮೇಲೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮಗೆ ಡಿಫರೆನ್ಷಿಯೇಷನ್ ಬಂದರೆ, ನ್ಯೂಟನ್ ವಿಧಾನದ ಪರಿಚಯ ಇದ್ದರೆ, ಒಂದೆರಡು ಸಾಮಾನ್ಯ ಅವಕಲ ಸಮೀಕರಣಗಳನ್ನು ಸಾಲ್ವರ್‌ನಲ್ಲಿ ಓಡಿಸಿದ್ದರೆ ಅಷ್ಟು ಸಾಕು.

ಡಿಎಇ ಅಂದರೆ ಏನು, ಎಲ್ಲಿ ಸಿಗುತ್ತದೆ

ಅವಕಲ ಸಮೀಕರಣ ಒಂದು ವಸ್ತು ಎಷ್ಟು ಬೇಗ ಬದಲಾಗುತ್ತದೆ ಅಂತ ಹೇಳುತ್ತದೆ. ಬೀಜಗಣಿತ ಸಮೀಕರಣ ಪ್ರತಿ ಕ್ಷಣವೂ ಏನು ನಿಜವಾಗಿರಲೇಬೇಕು ಅಂತ ಹೇಳುತ್ತದೆ. ಅದೊಂದು ಕಟ್ಟುಪಾಡು. ಸರಳಿನ ಉದ್ದ ಬದಲಾಗಬಾರದು, ಒಂದು ಬಿಂದುವಿಗೆ ಬಂದ ಕರೆಂಟೆಲ್ಲ ಹೊರಗೆ ಹೋಗಬೇಕು, ಒಟ್ಟು ದ್ರವ್ಯ ಉಳಿಯಬೇಕು. ಈ ಎರಡು ಬಗೆಯ ಸಮೀಕರಣಗಳು ಒಂದೇ ವ್ಯವಸ್ಥೆಯಲ್ಲಿ ಒಟ್ಟಿಗೆ ಬಂದರೆ ಅದು ಡಿಎಇ.

ಎಲೆಕ್ಟ್ರಾನಿಕ್ಸ್ ಓದಿದವರು ಗೊತ್ತಿಲ್ಲದೆಯೇ ಇದನ್ನು ಬಳಸಿರುತ್ತಾರೆ. ಕಿರ್ಕಾಫ್ 1845ರಲ್ಲಿ ಹೇಳಿದ ನಿಯಮಗಳು ಬೀಜಗಣಿತದವು, ಕೆಪಾಸಿಟರ್ ಮತ್ತು ಇಂಡಕ್ಟರ್ ನಿಯಮಗಳು ಅವಕಲದವು. ಸ್ಪೈಸ್‌ನಂಥ ಸರ್ಕ್ಯೂಟ್ ಸಿಮ್ಯುಲೇಟರ್ ಒಳಗೆ ಬಿಡಿಸುವುದು ಡಿಎಇಯನ್ನೇ. ಕೀಲುಗಳಿರುವ ಯಂತ್ರಗಳು, ರೋಬೋಟ್ ತೋಳುಗಳು, ವಾಹನದ ಸಸ್ಪೆನ್ಷನ್ ಎಲ್ಲವೂ ಇದೇ ಜಾತಿ. ರಾಸಾಯನಿಕ ಸ್ಥಾವರಗಳಲ್ಲಿ ಆವಿ ಮತ್ತು ದ್ರವದ ಸಮತೋಲನ ಬೀಜಗಣಿತದ ಭಾಗವಾಗುತ್ತದೆ.

ವಿದ್ಯುತ್ ಜಾಲ ನನಗೆ ಬಹಳ ಇಷ್ಟವಾದ ಉದಾಹರಣೆ. ಜನರೇಟರಿನ ರೋಟರ್ ಭಾರವಾದದ್ದು, ನಿಧಾನವಾಗಿ ತೂಗುತ್ತದೆ. ತಂತಿಗಳಲ್ಲಿ ಆಗುವ ಬದಲಾವಣೆ ಅದಕ್ಕೆ ಹೋಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ರೋಟರ್‌ಗೆ ಅವಕಲ ಸಮೀಕರಣ, ಜಾಲದ ಪವರ್ ಸಮತೋಲನಕ್ಕೆ ಬೀಜಗಣಿತ ಸಮೀಕರಣ. ಲೋಡ್ ಏರುತ್ತಾ ಹೋದಾಗ ಒಂದು ಹಂತದಲ್ಲಿ ಆ ಬೀಜಗಣಿತ ಭಾಗದಿಂದ ವೋಲ್ಟೇಜ್ ಕಂಡುಹಿಡಿಯಲು ಆಗುವುದೇ ಇಲ್ಲ. ಸಾಲ್ವರ್ ಕೈಚೆಲ್ಲುತ್ತದೆ. ಅದನ್ನು ಬರೀ ಸಾಫ್ಟ್‌ವೇರ್ ತೊಂದರೆ ಅಂತ ತಳ್ಳಿಹಾಕಬೇಡಿ. ಜಾಲವೇ ವೋಲ್ಟೇಜ್ ಕುಸಿತದ ಅಂಚಿಗೆ ಬಂದಿದೆ ಎಂಬ ಸೂಚನೆ ಅದಾಗಿರಬಹುದು.

ಹಂತ 1: ಪಟ್ಟಿ ಮಾಡಿ, ಎಣಿಸಿ

ಕಾಗದದ ಮೇಲೆ ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ ಗೊತ್ತಿಲ್ಲದ ಮೊತ್ತಗಳು (ವೋಲ್ಟೇಜ್, ಕರೆಂಟ್‌ನಂಥ ಪರಿಮಾಣಗಳು), ಇನ್ನೊಂದರಲ್ಲಿ ಸಮೀಕರಣಗಳು. ಎರಡರ ಸಂಖ್ಯೆ ಒಂದೇ ಆಗಿರಬೇಕು. ಸಣ್ಣ ಕೆಲಸ ಅನ್ನಿಸುತ್ತದೆ, ಆದರೆ ದೊಡ್ಡ ಮಾದರಿಗಳಲ್ಲಿ ಅರ್ಧ ತಪ್ಪು ಇಲ್ಲೇ ಸಿಗುತ್ತದೆ. ಆಮೇಲೆ ಯಾವ ಮೊತ್ತದ ಡೆರಿವೇಟಿವ್ ಸಮೀಕರಣದಲ್ಲಿ ಬಂದಿದೆ, ಯಾವುದರದು ಬಂದೇ ಇಲ್ಲ ಅಂತ ಗುರುತು ಹಾಕಿ. ಬಾರದೇ ಇರುವವು ಬೀಜಗಣಿತದ ಮೊತ್ತಗಳು.

ಒಂದು ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟ್ ನೋಡೋಣ. ಮೂಲದಿಂದ ಬರುವ ವೋಲ್ಟೇಜ್ ಮೂ. ಅದರ ಮುಂದೆ 1000 ಓಮ್ ರೆಸಿಸ್ಟರ್, ನಂತರ ಡಯೋಡ್, ಕೊನೆಗೆ ಕೆಪಾಸಿಟರ್ ಮತ್ತು ಅದಕ್ಕೆ ಪ್ಯಾರಲಲ್ ಆಗಿ ಲೋಡ್. ರೆಸಿಸ್ಟರ್ ಮತ್ತು ಡಯೋಡ್ ನಡುವಿನ ವೋಲ್ಟೇಜ್ ನ, ಕೆಪಾಸಿಟರ್ ವೋಲ್ಟೇಜ್ ಕ, ಡಯೋಡ್ ಕರೆಂಟ್ ಡಿ, ಕೆಪಾಸಿಟರಿನ ಧಾರಕತೆ ಸಿ. ಇ ಅಂದರೆ 2.718 ಎಂಬ ಸ್ಥಿರಾಂಕ, ′ ಗುರುತು ಸಮಯದ ಮೇಲಿನ ಡೆರಿವೇಟಿವ್.

ಡಿ = 10⁻¹² × (ಇ^((ನ − ಕ)/0.02585) − 1)
(ಮೂ − ನ)/1000 = ಡಿ
ಸಿ × ಕ′ = ಡಿ − ಕ/ಲೋಡ್

ಮೂರು ಸಮೀಕರಣ, ಮೂರು ಗೊತ್ತಿಲ್ಲದ ಮೊತ್ತ. ಕ ಒಂದಕ್ಕೇ ಡೆರಿವೇಟಿವ್ ಇದೆ. ನ ಮತ್ತು ಡಿ ಬೀಜಗಣಿತದವು. ಇದನ್ನು ಸುಮ್ನೆ ನ = ಏನೋ ಒಂದು ಸೂತ್ರ ಅಂತ ಬರೆದು ಒಂದೇ ಅವಕಲ ಸಮೀಕರಣ ಮಾಡಿಬಿಡಬಹುದಲ್ವಾ? ಇಲ್ಲಿ ಆಗುವುದಿಲ್ಲ. ನ ಒಂದು ಕಡೆ ನೇರವಾಗಿ, ಇನ್ನೊಂದು ಕಡೆ ಘಾತದ ಮೇಲೆ ಕೂತಿದೆ. ಸಾಮಾನ್ಯ ಸೂತ್ರಗಳಿಂದ ಅದನ್ನು ಬಿಡಿಸಿ ತೆಗೆಯಲು ಬರುವುದಿಲ್ಲ.

ಹಂತ 2: ಇಂಡೆಕ್ಸ್ ಕಂಡುಹಿಡಿಯಿರಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಸಮೀಕರಣಗಳನ್ನು ಎಷ್ಟು ಸಲ ಡಿಫರೆನ್ಷಿಯೇಟ್ ಮಾಡಿದರೆ ಎಲ್ಲ ಮೊತ್ತಗಳಿಗೂ ಅವಕಲ ಸಮೀಕರಣ ಸಿಗುತ್ತದೋ ಆ ಸಂಖ್ಯೆಯೇ ಇಂಡೆಕ್ಸ್. ಸಾಮಾನ್ಯ ಅವಕಲ ಸಮೀಕರಣದ ಇಂಡೆಕ್ಸ್ 0. ಇಂಡೆಕ್ಸ್ ಏರಿದಷ್ಟೂ ಲೆಕ್ಕ ಕಷ್ಟ.

ರೆಕ್ಟಿಫೈಯರ್‌ನಲ್ಲಿ ಡಿಯನ್ನು ಎರಡನೇ ಸಮೀಕರಣಕ್ಕೆ ತುಂಬಿ, ನ ಎಂಬುದರ ಮೇಲೆ ಡಿಫರೆನ್ಷಿಯೇಟ್ ಮಾಡಿ ನೋಡಿ. ಬರುವ ಮೊತ್ತ ಯಾವಾಗಲೂ ಋಣಾತ್ಮಕ, ಎಂದೂ ಸೊನ್ನೆಯಾಗುವುದಿಲ್ಲ. ಅಂದರೆ ಒಂದೇ ಸಲದ ಡಿಫರೆನ್ಷಿಯೇಷನ್‌ನಲ್ಲಿ ನ′ ಸಿಕ್ಕಿಬಿಡುತ್ತದೆ. ಇಂಡೆಕ್ಸ್ 1. ಬಹಳ ಒಳ್ಳೆಯ ಸ್ಥಿತಿ.

ಈಗ ರೆಸಿಸ್ಟರ್, ಡಯೋಡ್ ಎರಡನ್ನೂ ತೆಗೆದು ಕೆಪಾಸಿಟರನ್ನು ನೇರವಾಗಿ ವೋಲ್ಟೇಜ್ ಮೂಲಕ್ಕೆ ಜೋಡಿಸಿ. ಕಟ್ಟುಪಾಡು ಕ = ಮೂ. ಕರೆಂಟ್ = ಸಿ × ಕ′. ಕರೆಂಟ್ ಬೇಕಾದರೆ ಮೊದಲನೆಯದನ್ನು ಒಂದು ಸಲ ಡಿಫರೆನ್ಷಿಯೇಟ್ ಮಾಡಬೇಕು. ಕರೆಂಟಿನ ಡೆರಿವೇಟಿವ್ ಬೇಕಾದರೆ ಇನ್ನೊಂದು ಸಲ. ಇಂಡೆಕ್ಸ್ 2. ಇದರಿಂದ ಏನು ತೊಂದರೆ ಅಂತ ಅಂಕಿಯಲ್ಲೇ ನೋಡಿ. 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ 50 ಹರ್ಟ್ಸ್‌ನ 1 ವೋಲ್ಟ್ ಕೊಟ್ಟರೆ ಕರೆಂಟ್ ಸುಮಾರು 0.31 ಮಿಲಿಆಂಪ್. ಅದರ ಮೇಲೆ 1 ಮೆಗಾಹರ್ಟ್ಸ್‌ನ ಬರೀ 1 ಮಿಲಿವೋಲ್ಟ್ ಗದ್ದಲ ಕೂತಿದ್ದರೆ ಅದರಿಂದ ಬರುವ ಕರೆಂಟ್ ಸುಮಾರು 6.3 ಮಿಲಿಆಂಪ್. ಸಾವಿರದಲ್ಲೊಂದು ಪಾಲಿನ ಗದ್ದಲ ನಿಜವಾದ ಕರೆಂಟಿನ 20 ಪಟ್ಟಾಗಿ ಕಾಣಿಸಿಕೊಂಡಿತು. ಇಂಡೆಕ್ಸ್ 2ರ ಲೆಕ್ಕದಲ್ಲಿ ಕಂಪ್ಯೂಟರಿನ ಸಣ್ಣ ದೋಷಗಳೂ ಹೀಗೇ ದೊಡ್ಡದಾಗುತ್ತವೆ.

ಇಂಥ ಕಡೆ ನಾನು ಮಾದರಿಯನ್ನೇ ಮತ್ತೊಮ್ಮೆ ನೋಡುತ್ತೇನೆ. ನಿಜವಾದ ತಂತಿಗೆ ಸ್ವಲ್ಪ ರೆಸಿಸ್ಟೆನ್ಸ್ ಇದ್ದೇ ಇರುತ್ತದೆ. ಅದನ್ನು ಸೇರಿಸಿದರೆ ಇಂಡೆಕ್ಸ್ 1ಕ್ಕೆ ಇಳಿಯುತ್ತದೆ. ಆದರೆ ತೀರಾ ಚಿಕ್ಕ ಬೆಲೆ ಹಾಕಿದರೆ ಲೆಕ್ಕ ಬಿಗಿಯಾಗುತ್ತದೆ (ಇಂಗ್ಲಿಷಿನಲ್ಲಿ ಸ್ಟಿಫ್), ಸಾಲ್ವರ್ ಸಣ್ಣ ಸಣ್ಣ ಹೆಜ್ಜೆ ಇಡಬೇಕಾಗಬಹುದು.

ಟ್ಯಾಂಕಿನಲ್ಲೂ ಇದೇ ಕಥೆ. ಮಟ್ಟ ಸ್ಥಿರ ಅಂತ ಕಟ್ಟುಪಾಡು ಹಾಕಿ ಹೊರಹರಿವನ್ನು ಕಂಡುಹಿಡಿ ಅಂದರೆ ಇಂಡೆಕ್ಸ್ 2. ಮಟ್ಟ ನೋಡಿಕೊಂಡು ಕವಾಟ ತೆರೆಯುವ ನಿಯಂತ್ರಕವನ್ನೇ ಮಾದರಿಗೆ ಸೇರಿಸಿದರೆ ಈ ತೊಡಕು ಇರುವುದಿಲ್ಲ.

ಈಗ ಸರಳಿಗೆ ಕಟ್ಟಿದ ಗುಂಡು. ಅಡ್ಡ ದೂರ ಅ, ಲಂಬ ದೂರ ಲ, ಸರಳಿನ ಸೆಳೆತ ಸ. ಉದ್ದ 1 ಮೀಟರ್, ತೂಕ 1 ಕಿಲೋಗ್ರಾಂ.

ಅ″ = −ಸ × ಅ
ಲ″ = −ಸ × ಲ − 9.81
ಅ² + ಲ² = 1

ಕಟ್ಟುಪಾಡಿನಲ್ಲಿ ಸೆಳೆತದ ಸುದ್ದಿಯೇ ಇಲ್ಲ. ಒಂದು ಸಲ ಡಿಫರೆನ್ಷಿಯೇಟ್ ಮಾಡಿ:

ಅ × ಅ′ + ಲ × ಲ′ = 0

ಇನ್ನೂ ಸೆಳೆತ ಬರಲಿಲ್ಲ. ಆದರೆ ಒಂದು ಹೊಸ ವಿಷಯ ಸಿಕ್ಕಿತು. ಗುಂಡಿನ ವೇಗ ಸರಳಿನ ಉದ್ದಕ್ಕೆ ಇರಬಾರದು, ಸರಳಿಗೆ ಅಡ್ಡಲಾಗಿಯೇ ಇರಬೇಕು. ಇದನ್ನು ನಾವು ಬರೆದಿರಲಿಲ್ಲ. ಮೊದಲ ಕಟ್ಟುಪಾಡಿನ ಹೊಟ್ಟೆಯಲ್ಲೇ ಅಡಗಿತ್ತು. ಎರಡನೇ ಸಲ ಮಾಡಿ, ಅ″ ಮತ್ತು ಲ″ ಜಾಗದಲ್ಲಿ ಮೇಲಿನ ಸೂತ್ರಗಳನ್ನು ಹಾಕಿದರೆ:

ಸ × (ಅ² + ಲ²) = ಅ′² + ಲ′² − 9.81 × ಲ

ಸೆಳೆತ ಸಿಕ್ಕಿತು. ಮೂರನೇ ಸಲ ಮಾಡಿ ಸರಳಗೊಳಿಸಿದರೆ ಸ′ = −29.43 × ಲ′ ಅಂತ ಚೆಂದವಾಗಿ ಬರುತ್ತದೆ. ಮೂರು ಸಲ ಬೇಕಾಯಿತು, ಆದ್ದರಿಂದ ಇಂಡೆಕ್ಸ್ 3. ಕೀಲುಗಳಿರುವ ಯಂತ್ರಗಳನ್ನು ಈ ರೀತಿ ಬರೆದಾಗಲೆಲ್ಲ ಸಾಮಾನ್ಯವಾಗಿ ಬರುವುದು ಇದೇ 3.

ಕೋನವನ್ನು ಹಿಡಿದು ಬರೆದರೆ ಕಟ್ಟುಪಾಡೇ ಬೇಕಿಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ಒಂದು ಲೋಲಕಕ್ಕೆ ಅದೇ ಸುಲಭ. ಆದರೆ ನಾಲ್ಕು ಸರಳುಗಳು ಸೇರಿ ಮುಚ್ಚಿದ ಕುಣಿಕೆಯಾದರೆ, ಒಂದೇ ಕೋನದಲ್ಲಿ ಎಲ್ಲವನ್ನೂ ಬರೆಯುವುದು ತಲೆನೋವು. ಜೊತೆಗೆ ಕೀಲಿನ ಮೇಲೆ ಬೀಳುವ ಬಲ ಎಷ್ಟು ಅಂತ ಯಂತ್ರ ವಿನ್ಯಾಸ ಮಾಡುವವರಿಗೆ ಬೇಕೇ ಬೇಕು. ಡಿಎಇಯಲ್ಲಿ ಅದು ಉತ್ತರದ ಜೊತೆಗೇ ಬರುತ್ತದೆ.

ಹಂತ 3: ಶುರುವಿನ ಬೆಲೆಗಳನ್ನು ಹೊಂದಿಸಿ

ಸಾಮಾನ್ಯ ಅವಕಲ ಸಮೀಕರಣದಲ್ಲಿ ಶುರುವಿನ ಬೆಲೆ ನಿಮ್ಮಿಷ್ಟ. ಇಲ್ಲಿ ಹಾಗಲ್ಲ. ಬರೆದ ಕಟ್ಟುಪಾಡು, ಅಡಗಿದ ಕಟ್ಟುಪಾಡು ಎರಡಕ್ಕೂ ಅವು ಹೊಂದಬೇಕು.

ಲೋಲಕಕ್ಕೆ ಅ = 0.6, ಲ = −0.8 ತೆಗೆದುಕೊಳ್ಳಿ. 0.36 + 0.64 = 1, ಸರಿ. ನಿಂತಲ್ಲಿಂದ ಬಿಡುತ್ತೇವೆ, ವೇಗ 0, ಅದೂ ಸರಿ. ಸೆಳೆತವನ್ನು ಊಹಿಸಬೇಡಿ, ಲೆಕ್ಕ ಹಾಕಿ: 9.81 × 0.8 = 7.848 ನ್ಯೂಟನ್. ಆಗ ಅ″ = −4.7088, ಲ″ = −3.5316. ಇವೆರಡನ್ನು 0.6 ಮತ್ತು −0.8ರಿಂದ ಗುಣಿಸಿ ಕೂಡಿಸಿದರೆ ಸೊನ್ನೆ ಬರುತ್ತದೆ. ಎಲ್ಲ ಹೊಂದಿತು. ಅನೇಕರು ಸೆಳೆತಕ್ಕೆ 0 ಹಾಕಿ ಶುರು ಮಾಡುತ್ತಾರೆ. ಸಾಲ್ವರ್ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ರೆಕ್ಟಿಫೈಯರ್‌ನಲ್ಲಿ ಇನ್ನೊಂದು ಬಗೆಯ ಗುಂಡಿ ಇದೆ. ಮೂ = 5 ವೋಲ್ಟ್, ಕ = 0 ಇರುವಾಗ ನ ಎಷ್ಟು? ನ್ಯೂಟನ್ ವಿಧಾನಕ್ಕೆ ನ = 0 ಅಂತ ಊಹೆ ಕೊಡಿ. ಅಲ್ಲಿ ಡಯೋಡ್ ಹೆಚ್ಚುಕಮ್ಮಿ ಮುಚ್ಚಿರುವುದರಿಂದ ಮೊದಲ ಹೆಜ್ಜೆಯೇ ನಿಮ್ಮನ್ನು ಹತ್ತಿರ ಹತ್ತಿರ 5 ವೋಲ್ಟ್‌ಗೆ ಎಸೆಯುತ್ತದೆ. ಅಲ್ಲಿ ಘಾತದ ಬೆಲೆ ಆಕಾಶ ಮುಟ್ಟಿದೆ. ಅಲ್ಲಿಂದ ಪ್ರತಿ ಹೆಜ್ಜೆಗೂ ಕೆಳಗಿಳಿಯುವುದು 0.02585 ವೋಲ್ಟ್ ಮಾತ್ರ. ಉತ್ತರ 0.574 ವೋಲ್ಟ್‌ನಲ್ಲಿದೆ. ಅಲ್ಲಿಗೆ ತಲುಪಲು ಸುಮಾರು 170 ಹೆಜ್ಜೆ ಬೇಕು. ಡಿಎಇ ಸಾಲ್ವರ್‌ಗಳು ಒಂದು ಟೈಮ್ ಸ್ಟೆಪ್‌ಗೆ ನಾಲ್ಕಾರು ಹೆಜ್ಜೆಗಿಂತ ಜಾಸ್ತಿ ಕಾಯುವುದಿಲ್ಲ, ಸೋತೆ ಅಂತ ಹೇಳಿ ನಿಂತುಬಿಡುತ್ತವೆ. ಅದೇ 0.6ರಿಂದ ಶುರು ಮಾಡಿದರೆ ಕೆಲವೇ ಹೆಜ್ಜೆಯಲ್ಲಿ ಉತ್ತರ ಸಿಗುತ್ತದೆ. ಸರ್ಕ್ಯೂಟ್ ಸಿಮ್ಯುಲೇಟರ್‌ಗಳು ಡಯೋಡ್ ವೋಲ್ಟೇಜಿನ ಜಿಗಿತಕ್ಕೆ ಮಿತಿ ಹಾಕುವುದು ಇದಕ್ಕಾಗಿಯೇ.

ಹಾಗಾಗಿ ಶುರುವಿನ ಬೆಲೆ ಹುಡುಕುವುದನ್ನು ಬೇರೆಯೇ ಒಂದು ಕೆಲಸ ಅಂತ ಮಾಡಿ ಮುಗಿಸಿ. ಭೌತಿಕವಾಗಿ ಹತ್ತಿರವಿರುವ ಊಹೆ ಕೊಡಿ. ಮ್ಯಾಟ್‌ಲ್ಯಾಬ್‌ನಲ್ಲಿ ಇದಕ್ಕೆಂದೇ ಡೆಸಿಕ್ ಎಂಬ ಫಂಕ್ಷನ್ ಇದೆ.

ಹಂತ 4: ಇಂಡೆಕ್ಸ್ ಇಳಿಸಿ, ಜಾರದಂತೆ ಹಿಡಿಯಿರಿ

ಇಂಡೆಕ್ಸ್ 1 ಆಗಿದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಜಾಸ್ತಿ ಇದ್ದರೆ ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ಆ ಹಿಗ್ಗಿದ ಸರಳಿನ ಗುಟ್ಟು ಇಲ್ಲಿದೆ.

ಎರಡು ಸಲ ಡಿಫರೆನ್ಷಿಯೇಟ್ ಮಾಡಿ ಸೆಳೆತದ ಸೂತ್ರ ಸಿಕ್ಕಿತಲ್ವಾ? ಅದನ್ನು ಅ″, ಲ″ ಸೂತ್ರಗಳಿಗೆ ತುಂಬಿದರೆ ಕಟ್ಟುಪಾಡು ಮಾಯವಾಗಿ ಸಾಮಾನ್ಯ ಅವಕಲ ಸಮೀಕರಣ ಉಳಿಯುತ್ತದೆ. ಯಾವ ಸಾಲ್ವರ್ ಬೇಕಾದರೂ ಬಳಸಬಹುದು. ಆದರೆ ಡಿಫರೆನ್ಷಿಯೇಟ್ ಮಾಡಿದಾಗ ಸ್ಥಿರಾಂಕಗಳು ಬಿದ್ದುಹೋಗುತ್ತವೆ. ಹೊಸ ಸಮೀಕರಣಕ್ಕೆ ಉದ್ದ 1 ಎಂಬುದು ನೆನಪಿಲ್ಲ. ಉದ್ದದ ವರ್ಗದ ಎರಡನೇ ಡೆರಿವೇಟಿವ್ ಸೊನ್ನೆ ಎಂಬುದಷ್ಟೇ ಗೊತ್ತು.

ಶುರುವಿನ ವೇಗದಲ್ಲಿ ಸರಳಿನ ಉದ್ದಕ್ಕೆ ಸೆಕೆಂಡಿಗೆ 1 ಮಿಲಿಮೀಟರ್ ತಪ್ಪು ಸೇರಿಕೊಂಡಿದೆ ಅಂದುಕೊಳ್ಳಿ. ಆಗ ಅ² + ಲ² ಸೆಕೆಂಡಿಗೆ 0.002ರಂತೆ ಬೆಳೆಯುತ್ತದೆ. ತಡೆಯುವವರು ಯಾರೂ ಇಲ್ಲ. 100 ಸೆಕೆಂಡಿಗೆ ಅದು 1.2 ಆಗುತ್ತದೆ. 1.2ರ ವರ್ಗಮೂಲ 1.095. ಟೈಮ್ ಸ್ಟೆಪ್ ಎಷ್ಟು ಚಿಕ್ಕದು ಮಾಡಿದರೂ ನನ್ನ ಸರಳು ಹಿಗ್ಗುತ್ತಲೇ ಇದ್ದದ್ದು ಇದಕ್ಕೆ. ಇದನ್ನು ಡ್ರಿಫ್ಟ್ ಅನ್ನುತ್ತಾರೆ. ಶುರುವಿನ ಬೆಲೆ ಸರಿ ಇದ್ದರೂ, ದಾರಿಯಲ್ಲಿ ಸೇರುವ ಸಣ್ಣ ದೋಷಗಳಿಂದ ಇದೇ ಜಾರುವಿಕೆ ನಿಧಾನವಾಗಿ ಶುರುವಾಗುತ್ತದೆ.

ಸುಲಭದ ಮದ್ದು, ಪ್ರತಿ ಹೆಜ್ಜೆಯ ನಂತರ ಗುಂಡನ್ನು ಸರಿಯಾದ ಜಾಗಕ್ಕೆ ಎಳೆದು ತರುವುದು. ಅ ಮತ್ತು ಲ ಎರಡನ್ನೂ ಈಗಿನ ಉದ್ದದಿಂದ ಭಾಗಿಸಿ. ಆಮೇಲೆ ವೇಗದಲ್ಲಿ ಸರಳಿನ ಉದ್ದಕ್ಕಿರುವ ಪಾಲನ್ನು ಕಳೆಯಿರಿ. ಎರಡನೆಯದನ್ನು ಮರೆಯುವವರು ಜಾಸ್ತಿ. ಜಾಗ ಸರಿಮಾಡಿ ವೇಗವನ್ನು ಹಾಗೇ ಬಿಟ್ಟರೆ ಸೆಳೆತದ ಬೆಲೆ ತಪ್ಪಾಗಿ ಬರುತ್ತದೆ.

ಇನ್ನೊಂದು ಮದ್ದನ್ನು ಬೌಮ್‌ಗಾರ್ಟೆ 1972ರಲ್ಲಿ ಕೊಟ್ಟರು. ಕಟ್ಟುಪಾಡಿನ ದೋಷಕ್ಕೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಕಟ್ಟಿದ ಹಾಗೆ. ಎರಡನೇ ಡೆರಿವೇಟಿವ್ ಸೊನ್ನೆ ಅನ್ನುವ ಬದಲು, ಎರಡನೇ ಡೆರಿವೇಟಿವ್, ಮೊದಲನೆಯದರ 2α ಪಟ್ಟು, ದೋಷದ β² ಪಟ್ಟು, ಈ ಮೂರೂ ಕೂಡಿ ಸೊನ್ನೆ ಅನ್ನಬೇಕು. ಲೋಲಕಕ್ಕೆ ಬರುವ ಸೂತ್ರ ಇದು:

ಸ × (ಅ² + ಲ²) = ಅ′² + ಲ′² − 9.81 × ಲ + 2α(ಅ × ಅ′ + ಲ × ಲ′) + (β²/2)(ಅ² + ಲ² − 1)

α = β = 5 ಇಟ್ಟರೆ ಸೇರಿಕೊಂಡ ದೋಷ ಒಂದೆರಡು ಸೆಕೆಂಡಿನಲ್ಲಿ ನಂದಿಹೋಗುತ್ತದೆ. ಬೇಗ ನಂದಲಿ ಅಂತ ಇವನ್ನು ಬಹಳ ದೊಡ್ಡದು ಮಾಡಿದರೆ ಲೆಕ್ಕ ಬಿಗಿಯಾಗುತ್ತದೆ. ಸರಿಯಾದ ಬೆಲೆ ಆರಿಸುವುದಕ್ಕೆ ಎಲ್ಲ ಕಡೆಗೂ ಒಗ್ಗುವ ನಿಯಮ ಇಲ್ಲ. ಆದ್ದರಿಂದ ಎಳೆದು ತರುವ ವಿಧಾನವೇ ನನಗೆ ಜಾಸ್ತಿ ಹಿಡಿಸುತ್ತದೆ.

ಸಾವಿರಾರು ಸಮೀಕರಣಗಳಿದ್ದರೆ ಕೈಯಲ್ಲಿ ಇದೆಲ್ಲ ಆಗದ ಮಾತು. ಯಾವ ಸಮೀಕರಣವನ್ನು ಎಷ್ಟು ಸಲ ಡಿಫರೆನ್ಷಿಯೇಟ್ ಮಾಡಬೇಕು ಅಂತ ತಾನೇ ಹುಡುಕುವ ವಿಧಾನವನ್ನು ಪಾಂಟೆಲೈಡ್ಸ್ 1988ರಲ್ಲಿ ಪ್ರಕಟಿಸಿದರು. ಮಾಡೆಲಿಕಾ ಭಾಷೆಯ ಉಪಕರಣಗಳು, ಜೂಲಿಯಾದ ಮಾಡೆಲಿಂಗ್‌ಟೂಲ್‌ಕಿಟ್ ಇಂಥ ವಿಧಾನವನ್ನು ಒಳಗೇ ಬಳಸುತ್ತವೆ.

ಹಂತ 5: ಸಾಲ್ವರ್ ಮತ್ತು ಟಾಲರೆನ್ಸ್

ಬೀಜಗಣಿತ ಭಾಗವಿರುವುದರಿಂದ ಪ್ರತಿ ಹೆಜ್ಜೆಯಲ್ಲೂ ಸಮೀಕರಣ ಬಿಡಿಸುವ ಇಂಪ್ಲಿಸಿಟ್ ವಿಧಾನಗಳೇ ಇಲ್ಲಿ ಸಹಜ. ಹಿಂದಿನ ಹೆಜ್ಜೆಗಳ ಬೆಲೆಗಳಿಂದ ಡೆರಿವೇಟಿವ್ ಅಂದಾಜು ಮಾಡುವ ಬಿಡಿಎಫ್ ಎಂಬ ವಿಧಾನಗಳ ಕುಟುಂಬವನ್ನು ಡಿಎಇಗೆ ಹೊಂದಿಸಿದ್ದು ಬಿಲ್ ಗಿಯರ್, 1971ರಲ್ಲಿ. ಸಾಮಾನ್ಯ ಅವಕಲ ಸಮೀಕರಣಕ್ಕೆ ನಡೆಯುವುದೆಲ್ಲ ಡಿಎಇಗೆ ನಡೆಯುವುದಿಲ್ಲ ಎಂದು ಲಿಂಡಾ ಪೆಟ್ಜೋಲ್ಡ್ 1982ರಲ್ಲಿ ತೋರಿಸಿಕೊಟ್ಟರು. ಅವರು ಬರೆದ ಡಾಸ್ಸಲ್ ಪ್ರೋಗ್ರಾಂನ ಪರಂಪರೆಯಲ್ಲೇ ಇಂದಿನ ಸಂಡಯಲ್ಸ್ ಎಂಬ ಸಾಫ್ಟ್‌ವೇರ್ ಸಂಗ್ರಹದ ಐಡಿಎ ಸಾಲ್ವರ್ ಬಂದಿದೆ.

ಮ್ಯಾಟ್‌ಲ್ಯಾಬ್ ಬಳಸುವವರು ಇಂಡೆಕ್ಸ್ 1ಕ್ಕೆ ಒಡಿಇ15ಎಸ್ ತೆಗೆದುಕೊಳ್ಳಿ. ಅದಕ್ಕೆ ಮಾಸ್ ಮ್ಯಾಟ್ರಿಕ್ಸ್, ಅಂದರೆ ಡೆರಿವೇಟಿವ್‌ಗಳ ಗುಣಾಂಕಗಳ ಮ್ಯಾಟ್ರಿಕ್ಸ್ ಕೊಡಬೇಕು. ಡೆರಿವೇಟಿವ್ ಇಲ್ಲದ ಸಾಲಿಗೆ ಸೊನ್ನೆ ಹಾಕುವುದು, ಅಷ್ಟೇ. ಸಮೀಕರಣ ಹಾಗೆ ಬಿಡಿಸಿ ಬರೆಯಲು ಬಾರದಿದ್ದರೆ ಒಡಿಇ15ಐ. ಎರಡೂ ಇಂಡೆಕ್ಸ್ 1ಕ್ಕಷ್ಟೇ. ಇಂಡೆಕ್ಸ್ 3ನ್ನು ಇಳಿಸದೆಯೇ ಬಿಡಿಸಬೇಕು ಅಂದರೆ ರೇಡಾವ್5 ಎಂಬ ಸಾಲ್ವರ್ ನೋಡಿ.

ಟಾಲರೆನ್ಸ್, ಅಂದರೆ ಎಷ್ಟು ದೋಷವನ್ನು ಒಪ್ಪಬಹುದು ಎಂಬ ಮಿತಿ. ಅದರ ವಿಷಯದಲ್ಲಿ ರಾಬರ್ಟ್‌ಸನ್ 1966ರಲ್ಲಿ ಕೊಟ್ಟ ರಾಸಾಯನಿಕ ಕ್ರಿಯೆ ಒಳ್ಳೆಯ ಪಾಠ. ಮೂರು ಪದಾರ್ಥಗಳು, ಕ್ರಿಯೆಯ ದರಗಳು 0.04, 10⁴ ಮತ್ತು 3 × 10⁷. ಮೂರನೇ ಅವಕಲ ಸಮೀಕರಣದ ಬದಲು ಮೂರೂ ಕೂಡಿ 1 ಎಂಬ ಕಟ್ಟುಪಾಡು ಹಾಕಿದರೆ ಇಂಡೆಕ್ಸ್ 1ರ ಡಿಎಇ ಆಗುತ್ತದೆ. ಶುರುವಿನಲ್ಲಿ ಮೊದಲನೆಯದು 1, ಉಳಿದವು 0. ನಡುವಿನ ಪದಾರ್ಥ ಎಂದೂ 4 × 10⁻⁵ ದಾಟುವುದಿಲ್ಲ. ಎಲ್ಲದಕ್ಕೂ ಒಂದೇ ಟಾಲರೆನ್ಸ್, 10⁻⁴ ಅಂತ ಕೊಟ್ಟರೆ ಸಾಲ್ವರ್ ಆ ಪದಾರ್ಥವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆದರೆ ಇಡೀ ಕ್ರಿಯೆ ನಡೆಯುವುದೇ ಅದರ ಮೂಲಕ. ಪ್ರತಿ ಮೊತ್ತಕ್ಕೂ ಅದರ ಗಾತ್ರ ನೋಡಿ ಬೇರೆ ಬೇರೆ ಟಾಲರೆನ್ಸ್ ಕೊಡಿ.

ಹಂತ 6: ಬಂದ ಉತ್ತರವನ್ನು ಪರೀಕ್ಷಿಸಿ

ಗ್ರಾಫ್ ನುಣುಪಾಗಿ ಬಂತು ಅಂತ ನಂಬಬೇಡಿ. ಹಿಗ್ಗಿದ ಸರಳಿನ ಗ್ರಾಫೂ ನುಣುಪಾಗಿಯೇ ಇತ್ತು. ಬರೆದ ಕಟ್ಟುಪಾಡಿನ ದೋಷವನ್ನೂ ಅಡಗಿದ ಕಟ್ಟುಪಾಡಿನ ದೋಷವನ್ನೂ ಸಮಯದ ಎದುರು ಗ್ರಾಫ್ ಹಾಕಿ ನೋಡಿ. ಅವು ಟಾಲರೆನ್ಸ್ ಒಳಗೇ ಸುಳಿದಾಡಬೇಕು, ಒಂದೇ ದಿಕ್ಕಿಗೆ ಬೆಳೆಯಬಾರದು.

ಮೇಲಿನ ಲೋಲಕವನ್ನು ನೀವೇ ಓಡಿಸಿದರೆ ಹೋಲಿಸಲು ಎರಡು ಅಂಕಿ ಕೊಡುತ್ತೇನೆ. ಗುಂಡು ತೀರಾ ಕೆಳಗೆ ಬಂದಾಗ ವೇಗ ಸೆಕೆಂಡಿಗೆ 1.981 ಮೀಟರ್, ಸೆಳೆತ 13.734 ನ್ಯೂಟನ್ ಇರಬೇಕು. ಒಟ್ಟು ಶಕ್ತಿ ಕೊನೆಯವರೆಗೂ −7.848 ಜೂಲ್‌ನಲ್ಲೇ ನಿಲ್ಲಬೇಕು. ಉದ್ದ ಸರಿಯಿದ್ದು ಶಕ್ತಿ ಜಾರುತ್ತಿದ್ದರೆ ಟೈಮ್ ಸ್ಟೆಪ್ ದೊಡ್ಡದಾಗಿರುವ ಸಾಧ್ಯತೆ ಹೆಚ್ಚು.

ಕೊನೆಗೆ, ಸ್ವಿಚ್ ಅಥವಾ ಕವಾಟ ಇರುವ ಮಾದರಿಗಳಲ್ಲಿ ಬದಲಾವಣೆಯ ಕ್ಷಣವನ್ನು ತಪ್ಪದೆ ನೋಡಿ. ಆ ಕ್ಷಣ ಕಟ್ಟುಪಾಡೇ ಬದಲಾಗುತ್ತದೆ, ಇಂಡೆಕ್ಸ್ ಕೂಡ ಬದಲಾಗಬಹುದು. 10 ವೋಲ್ಟ್ ಇರುವ 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ, ಖಾಲಿ ಇರುವ ಅಂಥದ್ದೇ ಇನ್ನೊಂದನ್ನು ಸ್ವಿಚ್ ಮೂಲಕ ಜೋಡಿಸಿದಿರಿ ಅನ್ನಿ. ಸ್ವಿಚ್ ಮುಚ್ಚಿದ ಕೂಡಲೇ ಎರಡರ ವೋಲ್ಟೇಜೂ ಒಂದೇ ಆಗಬೇಕು. ಹಳೆಯ ಬೆಲೆಗಳಾದ 10 ಮತ್ತು 0 ಈ ಹೊಸ ಕಟ್ಟುಪಾಡಿಗೆ ಹೊಂದುವುದೇ ಇಲ್ಲ. ಸಾಲ್ವರ್ ನಿಲ್ಲಿಸಿ, ಒಟ್ಟು ಚಾರ್ಜ್ ಉಳಿಯುತ್ತದೆ ಎಂಬುದರಿಂದ ಹೊಸ ಬೆಲೆ ಹಾಕಿ: ಎರಡಕ್ಕೂ 5 ವೋಲ್ಟ್. 50 ಮೈಕ್ರೋಜೂಲ್ ಇದ್ದ ಶಕ್ತಿ 25ಕ್ಕೆ ಇಳಿದಿರುತ್ತದೆ. ಅದು ನಿಮ್ಮ ಲೆಕ್ಕದ ತಪ್ಪಲ್ಲ, ನಿಜವಾದ ಸರ್ಕ್ಯೂಟಿನಲ್ಲೂ ಆ ಅರ್ಧ ತಂತಿಯ ಬಿಸಿಯಾಗಿ, ಸ್ವಿಚ್ಚಿನ ಕಿಡಿಯಾಗಿ ಹೋಗುತ್ತದೆ. ಹೊಸ ಬೆಲೆ ಹಾಕಿದ ಮೇಲೆ ಹಂತ 2ಕ್ಕೆ ಮರಳಿ, ಇಂಡೆಕ್ಸ್ ಮತ್ತೆ ಎಣಿಸಿ ಮುಂದೆ ಓಡಿಸಿ.